ತೊಂಬತ್ತೆರಡರ ಮಗ್ಗಿ

ಸ್ವಿಟ್ಜರ್ಲೆಂಡಿನಲ್ಲಿ ಹತ್ತು ರಾಪನ್ ಎಂಬ ಪುಟ್ಟ ನಾಣ್ಯವೊಂದಿದೆ. ನಮ್ಮ ರೂಪಾಯಿಗೆ ನೂರು ಪೈಸೆ ಇದ್ದಂತೆ ಅಲ್ಲಿಯ ಒಂದು ಫ್ರಾಂಕಿಗೆ ನೂರು ರಾಪನ್. ಈ ನಾಣ್ಯದ ಮೇಲಿನ ಚಿತ್ರ 1879ರಿಂದ ಬದಲಾಗಿಲ್ಲ. ಅದೇ ವರ್ಷ ಟಂಕಿಸಿದ ನಾಣ್ಯ ಯಾರ ಜೇಬಿನಲ್ಲಾದರೂ ಸಿಕ್ಕರೆ ಅದು ಇಂದಿಗೂ ಚಲಾವಣೆಯ ಹಣವೇ. ಮೂವತ್ತೆಂಟು ವರ್ಷ ಬ್ಯಾಂಕಿನ ಕೌಂಟರಿನ ಹಿಂದೆ ಕೂತು ನೋಟು ನಾಣ್ಯ ಎಣಿಸಿದ ನನಗೆ ಆ ದೇಶದ ಪರ್ವತ, ಸರೋವರಗಳಿಗಿಂತ ಮೊದಲು ಮೆಚ್ಚುಗೆಯಾದದ್ದು ಇದು.

2023ರ ಮೇ ತಿಂಗಳ ಮೊದಲ ವಾರ ನಾನೂ ನಮ್ಮಾಕೆಯೂ ಜ್ಯೂರಿಕ್ ನಗರಕ್ಕೆ ಹೋದೆವು. ಮಗಳು, ಅಳಿಯ, ಏಳು ವರ್ಷದ ಮೊಮ್ಮಗ ಅಲ್ಲಿದ್ದಾರೆ. ಪ್ರವಾಸಿ ವೀಸಾದಲ್ಲಿ ಹೋದವರು ಆರು ತಿಂಗಳಲ್ಲಿ ತೊಂಬತ್ತು ದಿನಕ್ಕಿಂತ ಹೆಚ್ಚು ಇರುವಂತಿಲ್ಲ. ನಾವು ಆ ತೊಂಬತ್ತರಲ್ಲಿ ಎಂಬತ್ತೇಳು ದಿನ ಇದ್ದು ಬಂದೆವು. ಹೋಗಿ ಎರಡು ವಾರಕ್ಕೆ ಸರಿಯಾಗಿ, ನಮ್ಮಲ್ಲಿ ಎರಡು ಸಾವಿರದ ನೋಟನ್ನು ಹಿಂದಕ್ಕೆ ಪಡೆಯುತ್ತಾರೆಂಬ ಸುದ್ದಿ ಬಂತು. ನಮ್ಮಾಕೆಗೆ ಅಕ್ಕಿ ಡಬ್ಬದ ಚಿಂತೆ. ಒಳಗೆ ಎರಡು ನೋಟು ಇಟ್ಟು ಬಂದಿದ್ದಳಂತೆ. ಅತ್ತ ಸ್ವಿಟ್ಜರ್ಲೆಂಡಿನಲ್ಲಿ ಸಾವಿರ ಫ್ರಾಂಕಿನ ನೋಟು ಈಗಲೂ ನಡೆಯುತ್ತದೆ. ಹಳೆಯ ಸರಣಿಯ ನೋಟುಗಳ ಚಲಾವಣೆ 2021ರಲ್ಲಿ ನಿಂತರೂ ಅವನ್ನು ಅಲ್ಲಿಯ ರಾಷ್ಟ್ರೀಯ ಬ್ಯಾಂಕಿಗೆ ಯಾವಾಗ ಒಯ್ದರೂ ಬದಲಿಸಿ ಕೊಡುತ್ತಾರೆ. ಗಡುವು ಎಂಬುದೇ ಇಲ್ಲ.

ಆ ಬೇಸಿಗೆಯಲ್ಲಿ ಒಂದು ಫ್ರಾಂಕಿಗೆ ಹೆಚ್ಚುಕಡಿಮೆ 92 ರೂಪಾಯಿ. ಹಾಗಾಗಿ ಮೊದಲ ಹದಿನೈದು ದಿನ ನಮ್ಮ ಮನೆಯಲ್ಲಿ ನಡೆದದ್ದು ತೊಂಬತ್ತೆರಡರ ಮಗ್ಗಿ. ಒಂದು ಕಾಫಿ 5 ಫ್ರಾಂಕ್. ತೊಂಬತ್ತೆರಡೈದಲೆ 460 ರೂಪಾಯಿ! ಗಂಡಸರ ಕ್ಷೌರ 45 ಫ್ರಾಂಕ್, ಅಂದರೆ 4,140 ರೂಪಾಯಿ! ಕೊತ್ತಂಬರಿ ಸೊಪ್ಪಿನ ಬಡಕಲು ಕಟ್ಟಿಗೆ 2 ಫ್ರಾಂಕ್ ಎಂದು ಕಂಡಾಗ ನಮ್ಮಾಕೆ ಅದನ್ನು ಕೈಗೆತ್ತಿಕೊಂಡು, ಎರಡೂ ಕಡೆ ತಿರುಗಿಸಿ ನೋಡಿ, ಮಗು ಮಲಗಿಸಿದಷ್ಟು ಜೋಪಾನವಾಗಿ ವಾಪಸ್ಸು ಇಟ್ಟಳು. ಆ ದಿನದ ಸಾರಿಗೆ ಕೊತ್ತಂಬರಿ ಬೀಳಲಿಲ್ಲ.

"ತಾತ, ನೀವು ಯಾವಾಗ್ಲೂ ಯಾಕೆ ಗುಣಿಸ್ತೀರಿ? ಇಲ್ಲಿ ಯಾರೂ ರೂಪಾಯಿ ಕೇಳಲ್ಲ," ಎಂದ ಮೊಮ್ಮಗ.

ಹುಡುಗ ಕೇಳಿದ ಪ್ರಶ್ನೆ ಸರಿಯಾಗಿತ್ತು. ವಿದೇಶಕ್ಕೆ ಹೋದ ಮಕ್ಕಳ ಬಗ್ಗೆ ಊರಲ್ಲಿ ನಾವು ಮಾತಾಡುವುದೆಲ್ಲ ಈ ಮಗ್ಗಿಯ ಮೇಲೇ ನಿಂತಿದೆ. ಸಂಬಳವನ್ನು ಗುಣಿಸಿ ಹಿಗ್ಗುತ್ತೇವೆ, ಕಾಫಿಯನ್ನು ಗುಣಿಸಿ ಬೆಚ್ಚುತ್ತೇವೆ. ಎರಡರಿಂದಲೂ ಅಲ್ಲಿ ಬದುಕುವುದು ಹೇಗೆಂದು ತಿಳಿಯುವುದಿಲ್ಲ. ಹಾಗಾಗಿ ನಾನೂ ಮೊಮ್ಮಗನೂ ಕೂತು ಬೇರೆ ಲೆಕ್ಕ ಮಾಡಿದೆವು. ಶಾಲೆಯ ಮಕ್ಕಳು ಪೆನ್ಸಿಲ್ ತೆಗೆದುಕೊಂಡು ಜೊತೆಗೇ ಮಾಡಬಹುದು.

ಆ ವರ್ಷ ಜೂನ್ 18ರ ಭಾನುವಾರ ಜ್ಯೂರಿಕ್ ನಗರದ ಜನ ಒಂದು ಪ್ರಶ್ನೆಗೆ ಮತ ಹಾಕಿದರು. ಆ ದೇಶದಲ್ಲಿ ವರ್ಷಕ್ಕೆ ಮೂರು ನಾಲ್ಕು ಸಲ ಹೀಗೆ ಜನರನ್ನೇ ಕೇಳುವ ರೂಢಿ ಇದೆ. ನಗರದಲ್ಲಿ ಗಂಟೆಗೆ ಕನಿಷ್ಠ 23 ಫ್ರಾಂಕ್ 90 ರಾಪನ್ ಕೂಲಿ ಇರಬೇಕೇ ಎಂಬುದು ಪ್ರಶ್ನೆ. ಇರಬೇಕು ಎಂದರು ಹೆಚ್ಚಿನವರು. ಆಮೇಲೆ ವಿಷಯ ಕೋರ್ಟಿಗೆ ಹೋಗಿ ಜಾರಿಯಾಗದೆ ನಿಂತಿತು, ಅದು ಬೇರೆ ಮಾತು. ನಮ್ಮ ಲೆಕ್ಕಕ್ಕೆ ಗಂಟೆಗೆ 24 ಫ್ರಾಂಕ್ ಎಂದಿಟ್ಟುಕೊಳ್ಳಿ. ಊರಲ್ಲಿ ದಿನಗೂಲಿ 500 ರೂಪಾಯಿ, ಎಂಟು ಗಂಟೆ ಕೆಲಸ ಎಂದಿಟ್ಟುಕೊಂಡರೆ ಗಂಟೆಗೆ ಸುಮಾರು 62 ರೂಪಾಯಿ. ಈಗ ದುಡ್ಡನ್ನು ಮರೆತು ಒಂದೊಂದು ವಸ್ತುವಿಗೆ ಎಷ್ಟು ಹೊತ್ತು ದುಡಿಯಬೇಕು ನೋಡೋಣ.

ಕಾಫಿ: ಅಲ್ಲಿ 5 ಫ್ರಾಂಕ್, ಅಂದರೆ ಹನ್ನೆರಡೂವರೆ ನಿಮಿಷದ ಕೆಲಸ. ನಮ್ಮೂರ ಹೋಟೆಲಿನಲ್ಲಿ 15 ರೂಪಾಯಿ, ಹದಿನಾಲ್ಕೂವರೆ ನಿಮಿಷ. ಬೆಚ್ಚಿದ್ದು ದಂಡ! ಕ್ಷೌರ: ಅಲ್ಲಿ ಎರಡು ಗಂಟೆಗೆ ಸ್ವಲ್ಪ ಕಡಿಮೆ, ನಮ್ಮೂರಲ್ಲಿ ನೂರು ರೂಪಾಯಿಯಾದರೆ ಒಂದೂವರೆ ಗಂಟೆಗೆ ಸ್ವಲ್ಪ ಹೆಚ್ಚು. ಇಲ್ಲಿಯವರೆಗೆ ಹೆಚ್ಚು ವ್ಯತ್ಯಾಸವಿಲ್ಲ. ಆಮೇಲೆ ಹಾಲಿಗೆ ಬಂದೆವು. ಅಲ್ಲಿ ಲೀಟರಿಗೆ 1 ಫ್ರಾಂಕ್ 70 ರಾಪನ್ ಎಂದರೆ ನಾಲ್ಕೇ ನಿಮಿಷ. ನಮ್ಮಲ್ಲಿ ನಲವತ್ತು ರೂಪಾಯಿಯ ಹಾಲಿಗೆ ಮೂವತ್ತೆಂಟು ನಿಮಿಷ. ಹುಡುಗ ಇದನ್ನು ಎರಡು ಸಲ ಗುಣಿಸಿ ಭಾಗಿಸಿ ನೋಡಿದ. "ಹಾಗಾದ್ರೆ ಹಾಲು ಕುಡಿಯೋಕೆ ಊರೇ ದುಬಾರಿ!" ಎಂದ. ಕೂಲಿಯವರ ಮಟ್ಟಿಗೆ ಹೌದಪ್ಪ ಎಂದೆ. ಕೂಲಿಯವರ ಮನೆಯಲ್ಲಿ ಮಗುವಿಗೆ ಹಾಲು ಯಾಕೆ ನೀರಾಗಿರುತ್ತದೆ ಎಂಬುದು ನನಗೆ ಮೊದಲೇ ಗೊತ್ತಿತ್ತು. ನಿಮಿಷದ ಲೆಕ್ಕದಲ್ಲಿ ಮಾತ್ರ ಕಂಡಿರಲಿಲ್ಲ.

ಇಷ್ಟು ನೋಡಿ ಜ್ಯೂರಿಕ್ ಅಗ್ಗದ ಊರೆಂದು ತಿಳಿಯಬೇಡಿ. ಹೊಸದಾಗಿ ಹೋದವರನ್ನು ಹಿಂಡುವುದು ಹಾಲೂ ಅಲ್ಲ, ಕಾಫಿಯೂ ಅಲ್ಲ. ಮನೆ, ವಿಮೆ, ಮಗು ನೋಡಿಕೊಳ್ಳುವವರ ಖರ್ಚು, ಈ ಮೂರು.

ಮನೆಯ ಮಾತು ಮೊದಲು. ಅದೇ ಜೂನ್ ಒಂದರಂದು ನಗರದಲ್ಲಿ ಖಾಲಿ ಇರುವ ಮನೆಗಳನ್ನು ಲೆಕ್ಕ ಹಾಕಿದಾಗ ಸಿಕ್ಕಿದ್ದು ನೂರಕ್ಕೆ 0.06. ಹತ್ತು ಸಾವಿರ ಮನೆಗಳಲ್ಲಿ ಆರು! ಬಾಡಿಗೆಗೆ ಒಂದು ಮನೆ ಇದೆಯೆಂದರೆ ನೋಡಲು ಬಂದವರ ಸಾಲು ಮೆಟ್ಟಿಲಿಳಿದು ಬೀದಿಗೆ ಬರುತ್ತದೆ. ಅರ್ಜಿಯ ಜೊತೆ ಸಂಬಳದ ಕಾಗದ, ಹಳೆಯ ಮಾಲೀಕರ ಮಾತು, ಮತ್ತು ಸಾಲ ವಸೂಲಿ ಕಚೇರಿಯ ಒಂದು ಪತ್ರ ಕೊಡಬೇಕು. ಈ ಮನುಷ್ಯನ ಮೇಲೆ ಯಾರೂ ಬಾಕಿ ವಸೂಲಿಗೆ ದೂರು ಹಾಕಿಲ್ಲ ಎನ್ನುವ ಪತ್ರ ಅದು. ನಮ್ಮ ಬ್ಯಾಂಕಿನಲ್ಲಿ ಸಾಲ ಕೊಡುವಾಗಲೂ ಇಷ್ಟು ನೋಡುತ್ತಿರಲಿಲ್ಲ. (ನೋಡಿದ್ದರೆ ಎಷ್ಟೋ ಸಾಲ ಮುಳುಗುತ್ತಿರಲಿಲ್ಲ.)

ಕೋಣೆ ಎಣಿಸುವ ಕ್ರಮವೂ ವಿಚಿತ್ರ. ಮಗಳ ಮನೆ "ಮೂರೂವರೆ ಕೋಣೆ"ಯದು. ಅಡುಗೆಮನೆ, ಬಚ್ಚಲು ಲೆಕ್ಕಕ್ಕಿಲ್ಲ. ಹಜಾರ ಒಂದು ಕೋಣೆ, ಮಲಗುವ ಕೋಣೆ ಎರಡು, ಊಟದ ಮೇಜು ಹಾಕುವ ಮೂಲೆ ಅರ್ಧ. ಆ ಅರ್ಧ ಕೋಣೆ ಎಲ್ಲಿ ಮುಗಿದು ಎಲ್ಲಿ ಹಜಾರ ಶುರುವಾಗುತ್ತದೆ ಎಂದು ಹುಡುಕುವುದೇ ನನಗೂ ಹುಡುಗನಿಗೂ ಕೆಲವು ದಿನ ಆಟವಾಗಿತ್ತು. ಬಾಡಿಗೆ ತಿಂಗಳಿಗೆ 2,650 ಫ್ರಾಂಕ್. ಆ ಊರಿನ ಮಟ್ಟಿಗೆ ಅದು ಅದೃಷ್ಟವಂತೆ.

ಒಂದು ಪದ್ಧತಿಯನ್ನು ಮಾತ್ರ ಮನಸಾರೆ ಮೆಚ್ಚಿದೆ. ಬಾಡಿಗೆ ಮನೆಗೆ ಮುಂಗಡವಾಗಿ ಮೂರು ತಿಂಗಳ ಬಾಡಿಗೆಗಿಂತ ಹೆಚ್ಚು ಕೇಳುವಂತಿಲ್ಲ. ಆ ಹಣ ಮಾಲೀಕನ ಜೇಬಿಗೂ ಹೋಗುವುದಿಲ್ಲ. ಬಾಡಿಗೆದಾರನ ಹೆಸರಿನಲ್ಲೇ ಬ್ಯಾಂಕಿನಲ್ಲಿ ಬೇರೆ ಖಾತೆ ತೆರೆದು ಅದರಲ್ಲಿಡಬೇಕು. ಮನೆ ಬಿಡುವಾಗ ಇಬ್ಬರೂ ಒಪ್ಪಿದರೆ ಹಣ ಬಿಡುಗಡೆ, ಒಪ್ಪದಿದ್ದರೆ ಕೋರ್ಟು ಹೇಳಿದಂತೆ. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು, ವಾಪಸ್ಸು ಪಡೆಯುವಾಗ ಸುಣ್ಣಬಣ್ಣದ ಹೆಸರಿನಲ್ಲಿ ಅರ್ಧ ಕಳೆದುಕೊಂಡವರಿಗೆ ಇದರ ಬೆಲೆ ಗೊತ್ತಾಗುತ್ತದೆ.

ನಗರದ ಮನೆಗಳಲ್ಲಿ ಸುಮಾರು ಐದರಲ್ಲಿ ಒಂದು ಸಹಕಾರ ಸಂಘಗಳದು. ಸದಸ್ಯರು ಷೇರು ಕೊಂಡು ಸೇರುತ್ತಾರೆ. ಸಂಘ ಲಾಭ ನೋಡದೆ ಖರ್ಚಿಗೆ ತಕ್ಕಷ್ಟೇ ಬಾಡಿಗೆ ಹಾಕುತ್ತದೆ. ನಾನು ಗದಗಿನ ಶಾಖೆಯಲ್ಲಿದ್ದಾಗ, 1905ರಲ್ಲಿ ಸಿದ್ಧನಗೌಡ ಪಾಟೀಲರು ಕೃಷಿ ಸಹಕಾರ ಸಂಘ ಕಟ್ಟಿದ ಕಣಗಿನಹಾಳಕ್ಕೆ ಹೋಗಿದ್ದೆ. ಅಲ್ಲಿ ರೈತರಿಗೆ ಬೇಕಾದದ್ದು ಸಾಲ, ಜ್ಯೂರಿಕ್‌ನಲ್ಲಿ ಜನರಿಗೆ ಬೇಕಾದದ್ದು ಸೂರು. ಮಗಳ ಮನೆಯವರೂ ಒಂದು ಸಂಘದ ಕಾಯುವ ಪಟ್ಟಿಯಲ್ಲಿದ್ದಾರೆ. ಪಟ್ಟಿ ಉದ್ದವಿದೆ.

ಇನ್ನು ವಿಮೆ. ಆ ದೇಶಕ್ಕೆ ನೆಲೆಸಲು ಬಂದವರು ಮೂರು ತಿಂಗಳೊಳಗೆ ಆರೋಗ್ಯ ವಿಮೆ ಮಾಡಿಸಲೇಬೇಕು. ಮೂರನೆಯ ತಿಂಗಳಲ್ಲಿ ಮಾಡಿಸಿದರೂ ಕಂತು ಬಂದಿಳಿದ ದಿನದಿಂದಲೇ ಲೆಕ್ಕ. ಗಂಡ, ಹೆಂಡತಿ, ಮಗು ಎಲ್ಲರಿಗೂ ಬೇರೆ ಬೇರೆ ಕಂತು. ಕಂಪನಿ ಕಟ್ಟುವುದಿಲ್ಲ, ಸ್ವಂತ ಜೇಬಿನಿಂದ ಕಟ್ಟಬೇಕು. ಅಷ್ಟು ಕಟ್ಟಿದ ಮೇಲೂ ದೊಡ್ಡವರು ವರ್ಷಕ್ಕೆ ಮೊದಲ 300ರಿಂದ 2,500 ಫ್ರಾಂಕಿನವರೆಗಿನ ವೈದ್ಯರ ಖರ್ಚನ್ನು ತಾವೇ ಭರಿಸಬೇಕು. ಎಷ್ಟು ಎಂಬುದನ್ನು ನಾವೇ ಆರಿಸಿಕೊಳ್ಳಬಹುದು. ಹೆಚ್ಚು ಹೊರುತ್ತೇನೆ ಎಂದರೆ ಕಂತು ಕಡಿಮೆ. ಗಟ್ಟಿಮುಟ್ಟಾಗಿರುವ ಹೊಸಬರು 2,500 ಆರಿಸಿ, ನೆಗಡಿ ಜ್ವರ ಬಂದರೆ ಶುಂಠಿ ಕಷಾಯ ಕುಡಿದು ಮಲಗುತ್ತಾರೆ. ಹಲ್ಲಿನ ಚಿಕಿತ್ಸೆ ಈ ಕಡ್ಡಾಯ ವಿಮೆಯಲ್ಲಿ ಸಾಮಾನ್ಯವಾಗಿ ಸೇರುವುದಿಲ್ಲ. ಮೊಮ್ಮಗ ರಾತ್ರಿ ಹಲ್ಲುಜ್ಜದೆ ಮಲಗಿದ್ದನ್ನು ನಾನು ಒಂದು ದಿನವೂ ಕಾಣಲಿಲ್ಲ. ಅವನಮ್ಮ ಬಾಗಿಲಲ್ಲಿ ನಿಂತಿರುತ್ತಾಳೆ, ಬ್ಯಾಂಕಿನ ಇನ್‌ಸ್ಪೆಕ್ಟರ್ ಹಾಗೆ.

ಮೂರನೆಯದು ಮಗು. ಸರ್ಕಾರಿ ಶಾಲೆ ಉಚಿತ, ಚೆನ್ನಾಗಿಯೂ ಇದೆ. ಮಕ್ಕಳು ನಡೆದೇ ಹೋಗುತ್ತಾರೆ. ಚಿಕ್ಕ ಮಕ್ಕಳ ಕೊರಳಿಗೆ ದೂರದಿಂದ ಹೊಳೆಯುವ ಮೂರು ಮೂಲೆಯ ಪಟ್ಟಿ ಹಾಕಿರುತ್ತಾರೆ, ಗಾಡಿಯವರಿಗೆ ಕಾಣಲೆಂದು. ಆದರೆ ಇವರ ಶಾಲೆಯಲ್ಲಿ ಮಧ್ಯಾಹ್ನ ಮಕ್ಕಳನ್ನು ಊಟಕ್ಕೆ ಮನೆಗೆ ಕಳಿಸುತ್ತಾರೆ! ಮನೆಯಲ್ಲಿ ಯಾರಾದರೂ ಇರಬೇಕು, ಇಲ್ಲದಿದ್ದರೆ ದುಡ್ಡು ಕೊಟ್ಟು ನೋಡಿಕೊಳ್ಳುವ ಜಾಗಕ್ಕೆ ಬಿಡಬೇಕು. ಶಾಲೆಗೆ ಹೋಗದ ಕೂಸುಗಳನ್ನು ಇಡೀ ದಿನ ಬಿಡಲು ದಿನಕ್ಕೆ ನೂರು ಫ್ರಾಂಕ್ ಮೀರುತ್ತದೆ. ಅದಕ್ಕೇ ಎಷ್ಟೋ ತಾಯಂದಿರು ವಾರಕ್ಕೆ ಮೂರು ದಿನದ ಕೆಲಸ ಹಿಡಿಯುತ್ತಾರೆ. ಅದನ್ನು "ಅರವತ್ತು ಪರ್ಸೆಂಟ್ ಕೆಲಸ" ಎನ್ನುತ್ತಾರೆ. ನಾವಿದ್ದ ಮೂರು ತಿಂಗಳು ಮಧ್ಯಾಹ್ನದ ಊಟ ಅಜ್ಜಿಯದು. ಅದರಿಂದ ಎಷ್ಟು ಉಳಿಯಿತೆಂದು ಮಗಳು ಹೇಳಿದಾಗ ನಮ್ಮಾಕೆ, "ನನ್ನ ಅನ್ನ ಸಾರಿಗೂ ರೇಟು ಕಟ್ಟಿಬಿಟ್ಯಾ?" ಎಂದು ನಕ್ಕಳು. ಆ ಸಂಜೆ ಮಾತ್ರ ಫೋನಿನಲ್ಲಿ ಊರಿನ ತಂಗಿಗೆ ಆ ಮೊತ್ತವನ್ನು ತೊಂಬತ್ತೆರಡರಿಂದ ಗುಣಿಸಿಯೇ ಹೇಳಿದಳು.

ಇಷ್ಟೆಲ್ಲ ನನಗೆ ತಿಳಿದದ್ದು ಮಗಳ ಒಂದು ಪುಸ್ತಕದಿಂದ. ಹೈಸ್ಕೂಲಿನಲ್ಲಿದ್ದಾಗ ಅವಳಿಗೆ ಮನೆಖರ್ಚು ಬರೆಯುವುದನ್ನು ಕಲಿಸಿದ್ದೆ. ಎಡಕ್ಕೆ ಜಮಾ, ಬಲಕ್ಕೆ ಖರ್ಚು, ತಿಂಗಳ ಕೊನೆಗೆ ಎರಡು ಗೆರೆ. ಇಂಜಿನಿಯರ್ ಆಗಿ ಎಲ್ಲವನ್ನೂ ಕಂಪ್ಯೂಟರಿನಲ್ಲಿ ಮಾಡುವವಳು ಇದನ್ನು ಮಾತ್ರ ಕೈಯಲ್ಲೇ ಬರೆಯುತ್ತಾಳೆ. ಜೂನ್ ತಿಂಗಳ ಒಂದು ಮಧ್ಯಾಹ್ನ, "ಅಪ್ಪ, ಆಡಿಟ್ ಮಾಡಿ," ಎಂದು ನನ್ನ ಕೈಗೆ ಕೊಟ್ಟು ಆಫೀಸಿಗೆ ಹೋದಳು.

ಅವರು ಅಲ್ಲಿಗೆ ಹೋದದ್ದು 2022ರ ಜನವರಿಯಲ್ಲಿ, ಚಳಿ ನೆಟ್ಟಗಾಗಿದ್ದಾಗ. ಮನೆ ಸಿಕ್ಕಿದ್ದು ಮಾರ್ಚಿಗೆ. ಮಾರ್ಚಿನ ಪುಟ ಹೀಗಿತ್ತು: ಮುಂಗಡ 7,950. ಮೊದಲ ಬಾಡಿಗೆ 2,650. ಎರಡೇ ಸಾಲಿಗೆ ಹತ್ತು ಸಾವಿರದ ಆರುನೂರು ಫ್ರಾಂಕ್, ಆಗಿನ ದರದಲ್ಲಿ ಎಂಟೂವರೆ ಲಕ್ಷ ರೂಪಾಯಿ. ಅದರ ಕೆಳಗೆ ಮೂರು ತಿಂಗಳ ವಿಮೆಯ ಕಂತು ಒಟ್ಟಿಗೆ. ಹುಡುಗನ ಬೂಟು. ಹಾಸಿಗೆ ಎರಡು, ಹಳೆಯ ಸಾಮಾನಿನ ಅಂಗಡಿಯಿಂದ ಮೇಜು. "ದೀಪ: 1."

ದೀಪ ಒಂದೇ ಯಾಕೆ ಎಂದು ಸಂಜೆ ಕೇಳಿದೆ. ಅಲ್ಲಿಯ ಬಾಡಿಗೆ ಮನೆಗಳಲ್ಲಿ ಅಡುಗೆಮನೆ, ಬಚ್ಚಲು ಬಿಟ್ಟರೆ ದೀಪ ಇರುವುದಿಲ್ಲವಂತೆ. ಚಾವಣಿಯಿಂದ ಬರಿ ತಂತಿ ಇಳಿಬಿದ್ದಿರುತ್ತದೆ, ಹಿಂದಿನವರು ತಮ್ಮ ದೀಪ ಬಿಚ್ಚಿಕೊಂಡು ಹೋಗಿರುತ್ತಾರೆ. ಇವರು ನಿಲ್ಲಿಸುವ ದೀಪ ಒಂದನ್ನು ಕೊಂಡು, ಎರಡು ತಿಂಗಳು ಅದನ್ನೇ ಕೋಣೆಯಿಂದ ಕೋಣೆಗೆ ಎತ್ತಿಕೊಂಡು ಓಡಾಡಿದರು. ಹುಡುಗ ಮಲಗುವವರೆಗೆ ಅವನ ಕೋಣೆಯಲ್ಲಿ, ಆಮೇಲೆ ಹಜಾರದಲ್ಲಿ.

ಆ ದಿನಗಳಲ್ಲಿ ವಿಡಿಯೋ ಕರೆ ಮಾಡಿದಾಗಲೆಲ್ಲ ಮೂವರೂ ಅಡುಗೆಮನೆಯಲ್ಲೇ ಕೂತಿರುತ್ತಿದ್ದರು. "ಯಾಕಮ್ಮಾ, ಮನೆ ತೋರಿಸಬಾರದಾ?" ಎಂದು ನಮ್ಮಾಕೆ ಕೇಳಿದರೆ, "ಇಲ್ಲೇ ಬೆಚ್ಚಗಿದೆ ಅಮ್ಮ," ಎನ್ನುತ್ತಿದ್ದಳು.

ಅದೇ ಮಾರ್ಚಿನ ಪುಟದ ಕೊನೆಯಲ್ಲಿ ಮತ್ತೊಂದು ಸಾಲಿತ್ತು. "ಊರಿಗೆ, ಅಪ್ಪನ ಕಣ್ಣು: 800." ನನ್ನ ಬಲಗಣ್ಣಿನ ಪೊರೆ ತೆಗೆಸಿದ್ದು ಆ ತಿಂಗಳೇ. ಕೆಳಗೆ ಎರಡು ಗೆರೆ. ಉಳಿಕೆ: 41.

ರಾತ್ರಿ ಪುಸ್ತಕ ವಾಪಸ್ಸು ಕೊಡುವಾಗ, "ಆಗಲೇ ಹೇಳಬಾರದಿತ್ತಾ?" ಎಂದೆ.

"ಹೇಳಿದ್ರೆ ನೀವು ಎಫ್.ಡಿ. ಮುರೀತಿದ್ರಿ."

"ಮುರೀತಿದ್ದೆ."

"ಅದಕ್ಕೇ," ಎಂದಳು. ಅಳಿಯ ಎದ್ದು ಕಾಫಿ ಮಾಡಲು ಹೋದ. ನಾನು ಪುಸ್ತಕದ ಕೊನೆಯ ಪುಟದಲ್ಲಿ, ಬ್ಯಾಂಕಿನಲ್ಲಿ ಮಾಡುತ್ತಿದ್ದ ಹಾಗೆ, ಪರಿಶೀಲಿಸಿದೆ ಎಂದು ಬರೆದು ಸಹಿ ಹಾಕಿ ತಾರೀಖು ನಮೂದಿಸಿದೆ.

ಆ ಪುಸ್ತಕವನ್ನು ಮುಂದಿನ ತಿಂಗಳುಗಳಲ್ಲಿ ಓದುತ್ತ ಹೋದರೆ ಹೊಸಬರು ಊರನ್ನು ಕಲಿಯುವುದು ಕಾಣುತ್ತದೆ. ಏಪ್ರಿಲಿನಿಂದ "ಕ್ಷೌರ" ಎಂಬ ಸಾಲು ಕಾಣೆ. ಅದರ ಬದಲು ಒಂದೇ ಸಲ "ಕತ್ತರಿ, ಮಷಿನ್". ಅಳಿಯನಿಗೂ ಹುಡುಗನಿಗೂ ಮಗಳೇ ಕತ್ತರಿಸುತ್ತಾಳೆ. ನನಗೂ ಕತ್ತರಿಸಿದಳು. ಹಿಂದೆ ಸ್ವಲ್ಪ ಮೆಟ್ಟಿಲು ಮೆಟ್ಟಿಲಾಗಿತ್ತು ಎಂದು ನಮ್ಮಾಕೆ ಹೇಳುತ್ತಾಳೆ, ನನಗೇನೂ ಕಾಣಲಿಲ್ಲ.

ದಿನಸಿಯೆಲ್ಲ ಮಿಗ್ರೋಸ್ ಅಂಗಡಿಯಿಂದ. ಇದರ ಕಥೆ ಮಕ್ಕಳಿಗೆ ಇಷ್ಟವಾಗಬಹುದು. 1925ರಲ್ಲಿ ಗಾಟ್‌ಲೀಬ್ ಡುಟ್‌ವೈಲರ್ ಎಂಬಾತ ಜ್ಯೂರಿಕ್‌ನಲ್ಲಿ ಐದು ಫೋರ್ಡ್ ಲಾರಿಗಳಲ್ಲಿ ಆರೇ ಸಾಮಾನು ತುಂಬಿಕೊಂಡು ಬೀದಿ ಬೀದಿಗೆ ಹೊರಟ. ಕಾಫಿ, ಅಕ್ಕಿ, ಸಕ್ಕರೆ, ಶಾವಿಗೆಯಂಥ ಪಾಸ್ತಾ, ಕೊಬ್ಬರಿ ಕೊಬ್ಬು, ಸಾಬೂನು. ಮಧ್ಯವರ್ತಿಗಳಿಲ್ಲದ್ದರಿಂದ ಬೆಲೆ ಕಡಿಮೆ. ಬೇರೆ ವ್ಯಾಪಾರಿಗಳು ಸಿಟ್ಟಾದರು, ಗೃಹಿಣಿಯರು ಚೀಲ ಹಿಡಿದು ಬಂದರು. 1941ರಲ್ಲಿ ಆತ ಅದನ್ನು ಸಹಕಾರ ಸಂಘವಾಗಿ ಬದಲಿಸಿ ಗಿರಾಕಿಗಳಿಗೇ ಒಪ್ಪಿಸಿದ. ಇಂದಿಗೂ ಮಿಗ್ರೋಸ್ ಅಂಗಡಿಗಳಲ್ಲಿ ಹೆಂಡ, ಸಿಗರೇಟು ಮಾರುವುದಿಲ್ಲ. ಹೆಂಡ ಮಾರೋಣವೇ ಎಂದು 2022ರಲ್ಲಿ ಸದಸ್ಯರನ್ನು ಕೇಳಿದಾಗ ಬೇಡ ಎಂದರು. ಹಸಿರು ಪೊಟ್ಟಣದ ಅಗ್ಗದ ಸಾಮಾನುಗಳಿರುತ್ತವೆ, ಹೊಸಬರ ಬುಟ್ಟಿಯೆಲ್ಲ ಹಸಿರೇ. ಭಾನುವಾರ ಅಂಗಡಿಗಳು ಮುಚ್ಚಿರುವುದರಿಂದ, ರೈಲು ನಿಲ್ದಾಣದಂಥ ಕಡೆ ಬಿಟ್ಟರೆ, ಶನಿವಾರ ಸಂಜೆ ಕೆಡುವ ಪದಾರ್ಥಗಳ ಮೇಲೆ ಅರ್ಧ ಬೆಲೆಯ ಚೀಟಿ ಅಂಟಿಸುತ್ತಾರೆ. ನಮ್ಮಾಕೆಗೆ ಚೀಟಿ ಅಂಟಿಸುವ ಹುಡುಗಿಯ ಗುರುತಾಗಿ, ಇಬ್ಬರೂ ಒಬ್ಬರಿಗೊಬ್ಬರು ತಲೆಯಾಡಿಸುವಷ್ಟು ಸ್ನೇಹ ಬೆಳೆದಿತ್ತು. ಭಾಷೆಯೇನೂ ಬೇಕಾಗಲಿಲ್ಲ.

ಕರಿಬೇವು, ನುಗ್ಗೆಕಾಯಿ, ಉದ್ದಿನಬೇಳೆಗೆ ಲಾಂಗ್‌ಸ್ಟ್ರಾಸೆಯ ಕಡೆ ಹೋಗಬೇಕು. ಶ್ರೀಲಂಕಾದ ಯುದ್ಧಕಾಲದಲ್ಲಿ, 1980ರ ದಶಕದಿಂದ, ಅನೇಕ ತಮಿಳರು ಸ್ವಿಟ್ಜರ್ಲೆಂಡಿಗೆ ಆಶ್ರಯ ಹುಡುಕಿ ಬಂದರು. ಮನೆ ಊರು ಕಳೆದುಕೊಂಡು ಬಂದವರು ಇಟ್ಟ ಅಂಗಡಿಗಳಿಂದಾಗಿ ಇಂದು ನಮ್ಮವರಿಗೆ ಇಡ್ಲಿ ತಪ್ಪಿಲ್ಲ.

ಕಸದ ವಿಷಯ ಹೇಳದಿದ್ದರೆ ಜ್ಯೂರಿಕ್‌ನ ಖರ್ಚಿನ ಲೆಕ್ಕ ಮುಗಿಯದು. ಮನೆಯ ಕಸವನ್ನು ನಗರದ ಬಿಳಿ ಚೀಲದಲ್ಲೇ ಹಾಕಬೇಕು. ಒಂದು ಚೀಲಕ್ಕೆ ಸುಮಾರು ಎರಡು ಫ್ರಾಂಕ್. ಚೀಲದ ಬೆಲೆಯಲ್ಲೇ ಕಸ ಸಾಗಿಸುವ ಶುಲ್ಕ ಸೇರಿದೆ, ಹೆಚ್ಚು ಕಸ ಮಾಡಿದವನು ಹೆಚ್ಚು ಕೊಡುತ್ತಾನೆ. ಬೇರೆ ಚೀಲದಲ್ಲಿ ಇಟ್ಟರೆ ಬಿಚ್ಚಿ, ಒಳಗಿನ ಕಾಗದದಲ್ಲಿ ವಿಳಾಸ ಹುಡುಕಿ, ದಂಡದ ಚೀಟಿ ಕಳಿಸುತ್ತಾರೆ. ಹಳೆಯ ಪೇಪರನ್ನು ದಾರದಲ್ಲಿ ಕಟ್ಟಿ ಗೊತ್ತಾದ ದಿನ ಬೀದಿಯಲ್ಲಿಟ್ಟರೆ ಪುಕ್ಕಟೆ ಒಯ್ಯುತ್ತಾರೆ. ನಮ್ಮ ಹಾಗೆ ತೂಕಕ್ಕೆ ಕೊಳ್ಳುವವರಿಲ್ಲ ಎಂದು ನಮ್ಮಾಕೆಗೆ ಬೇಸರ. ಗಾಜಿನ ಬಾಟಲಿಗಳನ್ನು ಬೀದಿಯ ತೊಟ್ಟಿಗೆ ಹಾಕಬೇಕು, ಭಾನುವಾರ ಮತ್ತು ರಾತ್ರಿ ಹಾಕಬಾರದು, ಸದ್ದಾಗುತ್ತದೆ! ಎರಡು ಫ್ರಾಂಕಿನ ಚೀಲ ಉಳಿಸಲು ಇಡೀ ಮನೆ ಕಸ ವಿಂಗಡಿಸುವುದನ್ನು ಕಂಡು, ದಂಡಕ್ಕಿಂತ ಚೀಲವೇ ಒಳ್ಳೆಯ ಮೇಷ್ಟ್ರು ಎನ್ನಿಸಿತು.

ಟ್ರಾಮಿನಲ್ಲಿ ಕಂಡಕ್ಟರ್ ಇಲ್ಲ, ಗೇಟೂ ಇಲ್ಲ. ನಗರದೊಳಗೆ ಒಂದು ಗಂಟೆಯ ಟಿಕೆಟ್ ಆಗ 4 ಫ್ರಾಂಕ್ 40. ಅಷ್ಟರಲ್ಲಿ ಬಸ್ಸು, ಟ್ರಾಮು, ರೈಲು ಯಾವುದನ್ನಾದರೂ ಎಷ್ಟು ಸಲ ಬೇಕಾದರೂ ಹತ್ತಿ ಇಳಿಯಬಹುದು. ಟಿಕೆಟ್ ಇಲ್ಲದೆ ಸಿಕ್ಕಿಬಿದ್ದರೆ ನೂರು ಫ್ರಾಂಕ್ ದಂಡ. ಮೂವತ್ತು ಫ್ರಾಂಕಿನ ಒಂದು ಕಾರ್ಡು ಮಾಡಿಸಿದರೆ ಆರರಿಂದ ಹದಿನಾರು ವರ್ಷದೊಳಗಿನ ಮಗು ಅಪ್ಪ ಅಮ್ಮನ ಜೊತೆ ಒಂದು ವರ್ಷ ದೇಶದಾದ್ಯಂತ ಉಚಿತವಾಗಿ ಓಡಾಡಬಹುದು. ಅಜ್ಜ ಅಜ್ಜಿಯ ಜೊತೆ ಹೋಗಲೂ ಅಷ್ಟೇ ಬೆಲೆಯ ಇನ್ನೊಂದು ಕಾರ್ಡಿದೆ. ಟಿಕೆಟ್ ನನಗೆ, ಪುಕ್ಕಟೆ ಅವನಿಗೆ. ಅದೇ ಜೂನ್ 11ರಿಂದ ಕರ್ನಾಟಕದಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಾಯಿತಲ್ಲ, ಆ ಸುದ್ದಿ ಬಂದ ದಿನದಿಂದ ನಮ್ಮಾಕೆ ಟ್ರಾಮು ಹತ್ತುವಾಗಲೆಲ್ಲ "ಊರಲ್ಲಾಗಿದ್ರೆ..." ಎಂದು ನಿಟ್ಟುಸಿರು ಬಿಡತೊಡಗಿದಳು.

ಅಷ್ಟು ದುಬಾರಿಯ ಊರಿನಲ್ಲಿ ಪುಕ್ಕಟೆ ಸಿಗುವುದನ್ನೂ ಹೇಳಬೇಕು. ನಗರದಲ್ಲಿ ಸಾವಿರದ ಇನ್ನೂರರಷ್ಟು ಕಾರಂಜಿಗಳಿವೆ. ಸಿಂಹದ ಬಾಯಿಂದಲೋ ಹಿತ್ತಾಳೆ ಕೊಳವೆಯಿಂದಲೋ ನೀರು ಸುರಿಯುತ್ತಿರುತ್ತದೆ, ಬೇಡ ಎಂದು ಬರೆದಿರದಿದ್ದರೆ ಎಲ್ಲ ಕಡೆ ಕುಡಿಯಬಹುದು. ಹೋಟೆಲಿನಲ್ಲಿ ಒಂದು ಬಾಟಲಿ ನೀರಿಗೆ ಐದಾರು ಫ್ರಾಂಕ್ ಕೊಡುವ ಪ್ರವಾಸಿಗರ ಎದುರಿಗೇ ಊರಿನ ಮಕ್ಕಳು ಬೊಗಸೆಯೊಡ್ಡಿ ಕುಡಿದು ಓಡುತ್ತಾರೆ. ಬೇಸಿಗೆಯಲ್ಲಿ ಲಿಮ್ಮಾತ್ ನದಿಯಲ್ಲಿ ಲೆಟ್ಟನ್ ಎಂಬ ಕಡೆ ಈಜಲು ದುಡ್ಡಿಲ್ಲ. ಊರಿನ ನಡುವೆ ಹರಿಯುವ ಹೊಳೆ, ತಳದ ಕಲ್ಲು ಕಾಣುತ್ತದೆ! ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಹದಿನಾರು ವರ್ಷದೊಳಗಿನವರಿಗೆ ಟಿಕೆಟ್ ಇಲ್ಲ. ವಿಶ್ವವಿದ್ಯಾಲಯದ ಸಸ್ಯೋದ್ಯಾನಕ್ಕೆ ಯಾರಿಗೂ ಇಲ್ಲ. ಮನೆಯವರು ತಮಗೆ ಬೇಡವಾದ ಪುಸ್ತಕ, ಪಾತ್ರೆ, ಆಟದ ಸಾಮಾನುಗಳನ್ನು ಡಬ್ಬದಲ್ಲಿ ಹಾಕಿ "ಪುಕ್ಕಟೆ, ಒಯ್ಯಿರಿ" ಎಂದು ಬರೆದು ಬೀದಿಯಲ್ಲಿಡುತ್ತಾರೆ. ಮೊಮ್ಮಗನ ಸ್ಲೆಡ್ಜು, ಅಂದರೆ ಹಿಮದ ಮೇಲೆ ಜಾರುವ ಮರದ ಗಾಡಿ, ಹಾಗೆ ಬಂದದ್ದು. ಮನೆಯ ಈಗಿನ ಐದು ದೀಪಗಳಲ್ಲಿ ಎರಡು ಕೂಡ.

ಮಕ್ಕಳನ್ನು ನೋಡಲು ಆ ಕಡೆ ಹೊರಟಿರುವ ಅಜ್ಜ ಅಜ್ಜಿಯರಿಗೆ ಪೆಟ್ಟಿಗೆ ಕಟ್ಟುವ ಬಗ್ಗೆ ಎರಡು ಮಾತು. ವೀಸಾಕ್ಕೆ ಮೂವತ್ತು ಸಾವಿರ ಯೂರೋ ಮೊತ್ತದ ಪ್ರಯಾಣ ವಿಮೆ ಬೇಕೇಬೇಕು. ಅಗ್ಗದ್ದನ್ನು ಹುಡುಕದೆ, ಮೊದಲೇ ಇರುವ ಕಾಯಿಲೆಗಳ ಬಗ್ಗೆ ಸಣ್ಣ ಅಕ್ಷರದಲ್ಲಿ ಏನಿದೆ ಎಂದು ಓದಿ ಕೊಳ್ಳಿ. ಬಿ.ಪಿ., ಸಕ್ಕರೆ ಮಾತ್ರೆಗಳನ್ನು ವೈದ್ಯರ ಚೀಟಿಯ ಜೊತೆ ಒಯ್ಯಿರಿ. ಚಳಿಯ ಕೋಟು ಇಲ್ಲಿ ಕೊಂಡು ಹೊರಬೇಡಿ, ಅಲ್ಲಿಯ ಹಳೆಯ ಸಾಮಾನಿನ ಅಂಗಡಿಯಲ್ಲಿ ಗಟ್ಟಿ ಕೋಟು ಸಿಗುತ್ತದೆ. ಸಾರಿನಪುಡಿ, ಚಟ್ನಿಪುಡಿ, ಹುಣಸೆಹಣ್ಣು ಎಷ್ಟಾದರೂ ಇರಲಿ. ಹಸಿ ಕರಿಬೇವು, ತರಕಾರಿ, ತುಪ್ಪ, ಹಾಲಿನ ಸಿಹಿ ಒಯ್ಯುವಂತಿಲ್ಲ. ನಮ್ಮ ದೇಶದಿಂದ ಮಾಂಸ, ಹಾಲಿನ ಪದಾರ್ಥ ತರುವುದನ್ನು ಅಲ್ಲಿಯ ಸುಂಕದವರು ನಿಷೇಧಿಸಿದ್ದಾರೆ. ನಮ್ಮಾಕೆ ಎರಡು ಕಿಲೋ ತುಪ್ಪ ಕಾಯಿಸಿಟ್ಟಿದ್ದಳು, ಹೊರಡುವ ಹಿಂದಿನ ದಿನ ಅದು ತಂಗಿಯ ಮನೆಗೆ ಹೋಯಿತು.

ಅಲ್ಲಿಯ ಬೆಣ್ಣೆ ತುಸು ದುಬಾರಿಯಾದರೂ ಬಹಳ ಒಳ್ಳೆಯದು. ಕಾಯಿಸುವಾಗ ಹಾಕಲು ವೀಳ್ಯದೆಲೆ ಇರಲಿಲ್ಲ, ನಾಲ್ಕು ಕಾಳು ಮೆಂತ್ಯ ಹಾಕಿದಳು. ಮೂರನೆಯ ಮಹಡಿಯ ಮುದುಕಿ ಕೆಳಗಿಳಿದು ಬಂದು ಇದೇನು ಪರಿಮಳ ಎಂದು ಕೇಳಿದಳು. ಅವಳಿಗೂ ಒಂದು ಸಣ್ಣ ಬಾಟಲಿ ಕೊಟ್ಟೆವು.